ಮುಂದಿನ ಸೀಟಿನ ಅಕ್ಕಿ ಚೀಲ

ಕಂಪ್ಲಿಯಿಂದ ಹೊಸಪೇಟೆಯವರೆಗಿನ ಪ್ರತಿಯೊಂದು ರೋಡ್ ಹಂಪೂ ನನ್ನ ಸೋದರಮಾವನಿಗೆ ನೆಂಟಸ್ತಿಕೆಯದು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಶಾಲೆಯ ಮುಂದಿನದು, ನೆತ್ತಿ ಚೂಪಾದದ್ದು, ಎಷ್ಟೇ ಮೆಲ್ಲಗೆ ಹೋದರೂ ಕಾರಿನ ಹೊಟ್ಟೆಗೆ ತಿವಿಯದೆ ಬಿಡದಂಥದ್ದು, ಅದಕ್ಕೆ ನನ್ನ ಅಪ್ಪನ ಹೆಸರು. ಅಗಲವಾಗಿ, ಸಮಾಧಾನವಾಗಿ ಮಲಗಿರುವುದಕ್ಕೆ ನನ್ನ ಅಮ್ಮನ ಹೆಸರು. ಒಂದರ ಬೆನ್ನಿಗೊಂದು ಸಾಲಾಗಿ ಕೂತ ಸಣ್ಣವೆಲ್ಲ ಅತ್ತೆಯ ತಂಗಿಯರು. ಮಾವ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸುತ್ತಾ, "ಶರಣ್ರೀ ಭಾವಾರ, ಸ್ವಲ್ಪ ದಾರಿ ಬಿಡ್ರಿ" ಎಂದು ಗಟ್ಟಿಯಾಗಿ ಹೇಳಿಯೇ ಮುಂದೆ ಹೋಗುವುದು. ಅಪ್ಪ ಹಿಂದಿನ ಸೀಟಿನಲ್ಲಿ ಇದ್ದಾಗಲೂ!

ರಸ್ತೆಯ ಉಬ್ಬುಗಳ ಜೊತೆ ಇಷ್ಟು ಬಳಕೆ ಇರುವ ಮನುಷ್ಯ ಒಂದು ಎತ್ತರದ ಜೀಪು ಇಟ್ಟುಕೊಂಡು ಸುಖವಾಗಿರಬಾರದೆ? ಅಕ್ಕಿ ಮಿಲ್ಲಿನ ಮಾಲೀಕರು, ತಲೆ ನೆರೆತವರು, ಮೊಣಕಾಲು ಆಗಲೇ ದೂರು ಹೇಳುತ್ತಿರುವವರು. ಆದರೆ ಅವರು ಸಂಡೂರಿನಿಂದ ತಂದದ್ದು ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಸ್ಪೋರ್ಟ್ಸ್ ಕಾರು. ಅದಿರಿನ ಭರಾಟೆಯ ಕಾಲದಲ್ಲಿ ಯಾರೋ ಆಸೆಯಿಂದ ಕೊಂಡು, ಆಸೆ ತೀರಿದ ಮೇಲೆ ಶೆಡ್ಡಿನಲ್ಲಿ ಮರೆತಿದ್ದರಂತೆ. ಅದು ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ: ಕೆಂಪು ಕಾರು. ಮಾವ ಹೇಳುವ ಪ್ರಕಾರ ಕಾರು ಯಾವತ್ತೂ ಬಿಳಿಯದೇ. ಕೆಂಪಗಿದ್ದದ್ದು ಸಂಡೂರಿನ ಧೂಳು. ಈಗ ಅದು ಬಿಳಿಯಾಗಿಯೇ ಇದೆ, ಆದರೆ ನನ್ನ ನೆನಪಿನಲ್ಲಿ ಮಾತ್ರ ಇನ್ನೂ ಕೆಂಪು. ಮುಂದೆ ನಾನು ಹೇಳುವುದನ್ನೆಲ್ಲ ನೀವು ಒಂದು ಸಲ ತೊಳೆದು ನಂಬಿದರೆ ಒಳ್ಳೆಯದು.

ಅತ್ತೆಯನ್ನು ಹಂಪಿಯ ಗುಡಿಗೆ ಕರೆದೊಯ್ಯುವುದು ಮಾವನ ಮೊದಲ ಯೋಜನೆ. ನಾನು ಹಿಂದಿನ ಸೀಟು ಎಂಬ ಹೆಸರಿನ ಗೂಡಿನಲ್ಲಿ, ಮೊಣಕಾಲಿನ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದೆ. ಕಾರಿನ ಹಳೆಯ ಶಾಕ್ ಅಬ್ಸಾರ್ಬರುಗಳ, ಮಾವನ ಬಾಯಲ್ಲಿ ಶಾಕಪ್ಪುಗಳ, ಎಣ್ಣೆಯೆಲ್ಲ ಸೋರಿಹೋಗಿತ್ತು. ಒಂದು ಹಂಪು ಹಾರಿದರೆ ಮುಂದಿನ ಹಂಪು ಬರುವವರೆಗೂ ನಾವು ಕುಪ್ಪಳಿಸುತ್ತಲೇ ಇರುತ್ತಿದ್ದೆವು. ಅಪ್ಪನ ಹೆಸರಿನ ಹಂಪಿಗೆ ಅತ್ತೆಯ ತಲೆ ಮೇಲಕ್ಕೆ ಬಡಿಯಿತು. ಅವರು ಸೆರಗು ಸರಿಮಾಡಿಕೊಂಡು, "ನಿಲ್ಲಸ್ರಿ" ಅಂದರು. ಇಳಿದರು. ಹಿಂದೆ ಬಂದ ಬಸ್ಸಿಗೆ ಕೈ ಮಾಡಿದರು.

ಬಸ್ಸಿನ ಬಾಗಿಲಲ್ಲಿ ನಿಂತು ಅತ್ತೆ ಹೇಳಿದ ಮಾತೇ ಈ ಪ್ರಬಂಧಕ್ಕೆಲ್ಲ ಮೂಲ: "ಬಸ್ಸಿನ್ಯಾಗ ಕುಂತ್ರ ನನಗ ನಿದ್ದಿ ಬರ್ತೈತಿ. ನಿಮ್ಮ ಗಾಡ್ಯಾಗ ನಿದ್ದಿ ಬರೂ ಹಂಗಾದ ದಿನ ಹೇಳ್ರಿ, ಅವತ್ತು ಕುಂದರ್ತೀನಿ. ಅಲ್ಲೀತನ ಬ್ಯಾಡ."

ಬಸ್ಸು ಹೋಯಿತು. ಮಾವ ಖಾಲಿ ಸೀಟನ್ನು ನೋಡುತ್ತಾ, "ಇಕಿ ಕುಂತ್ರ ಇದು ಗಾಡಿ. ಇಲ್ಲಾಂದ್ರ ತಗಡು. ಮಾರಿಬಿಡ್ತೀನಿ ನೋಡಲೇ ಅಳಿಯಾ" ಅಂದರು. ಅವರಿಗೆ ತಮಾಷೆ ಮಾಡುವ ಅಭ್ಯಾಸವಿದೆ. ಅವತ್ತು ಮಾಡುತ್ತಿರಲಿಲ್ಲ ಅಂತ ನನ್ನ ಅಂದಾಜು.

ಮುಂದೊಂದು ದಿನ ಮಿಲ್ಲಿನ ಕಣಕ್ಕೆ ಒಂದು ದೊಡ್ಡ ಡಬ್ಬ ಬಂತು. ಒಳಗೆ ಕಾಯಿಲ್‌ಓವರ್ ಎಂಬ ಹೊಸ ಸಾಮಾನು, ಚಕ್ರಕ್ಕೊಂದರಂತೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಸ್ಪ್ರಿಂಗಿನ ಸಹವಾಸ ಬಾಲ್‌ಪೆನ್ನಿನ ಒಳಗೆ ಮುಗಿದದ್ದು. ಆದರೂ ನೋಡಿ ಬೆರಗಾಯಿತು. ಶಾಕ್ ಅಬ್ಸಾರ್ಬರಿನ ಸುತ್ತಲೇ ಸುತ್ತಿಕೊಂಡ ಸ್ಪ್ರಿಂಗು. ಅದರ ಮೈತುಂಬ ಸ್ಕ್ರೂವಿನಲ್ಲಿರುವಂಥ ಗೆರೆ. ಆ ಗೆರೆಯ ಮೇಲೆ ಒಂದು ಬಳೆ. ಬಳೆ ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ತುದಿಯಲ್ಲಿ ಒಂದು ಗುಂಡಿ. ಟಕ್ ಟಕ್ ಎಂದು ಒಂದು ಕಡೆ ತಿರುವಿದರೆ ಬಿಗಿ, ಇನ್ನೊಂದು ಕಡೆ ತಿರುವಿದರೆ ಸಡಿಲ. ಮನುಷ್ಯರಿಗೂ ಇಂಥದ್ದೊಂದು ಗುಂಡಿ ಇದ್ದಿದ್ದರೆ ನಮ್ಮ ಮನೆಯಲ್ಲಿ ಮೊದಲು ಯಾರದನ್ನು ತಿರುವುತ್ತಿದ್ದೆ ಎಂದು ಯೋಚಿಸಿದೆ. ಹೆಸರು ಬರೆಯುವುದಿಲ್ಲ, ಅವರ ಹೆಸರಿನ ಹಂಪು ಆಗಲೇ ಇದೆ.

ಹೊಸಪೇಟೆಯಿಂದ ಬಂದ ಮೆಕ್ಯಾನಿಕ್ ಖಾಜಾ ಜಾಕಿ ಕೊಟ್ಟು ಚಕ್ರ ಬಿಚ್ಚುತ್ತಾ ಕೇಳಿದ: "ಸಾವ್ಕಾರ್ರಿ, ಮಂದಿ ಇದನ್ನ ಹಾಕ್ಸೋದು ಗಾಡಿ ಇಳ್ಸಾಕ. ನೆಲಕ್ಕ ಮುತ್ತು ಕೊಡೂ ಹಂಗ. ನೀವು ನೋಡಿದ್ರ ಏರ್ಸು ಅಂತೀರಿ."

"ಇಳ್ಸೂ ಮಂದಿ ಯಾವ ಊರಾಗ ಅದಾರಪಾ?"

"ದೊಡ್ಡ ದೊಡ್ಡ ಊರಾಗ."

"ಅಲ್ಲಿ ನಮ್ಮ ಭಾವ ಇಲ್ಲ. ಏರ್ಸು."

ಮಾವನ ಪಾಲಿಗೆ ಜಗತ್ತಿನ ಎಲ್ಲ ಯಂತ್ರಗಳೂ ಅಕ್ಕಿ ಮಿಲ್ಲುಗಳೇ. ಮಿಲ್ಲಿನಲ್ಲಿ ಎರಡು ರಬ್ಬರ್ ರೋಲರುಗಳ ನಡುವೆ ಭತ್ತ ಹಾದುಹೋಗುತ್ತದೆ. ಸಂದು ತೀರಾ ಕಿರಿದಾದರೆ ಕಾಳು ಮುರಿದು ನುಚ್ಚಾಗುತ್ತದೆ. ಅಗಲವಾದರೆ ಹೊಟ್ಟು ಬಿಡದೆ ಭತ್ತ ಭತ್ತವಾಗಿಯೇ ಹೊರಬರುತ್ತದೆ. ಮಾವ ಆ ಸಂದನ್ನು ಹೊಂದಿಸುವುದು ಕಿವಿಯಿಂದ. "ಬಿಗಿ ಆದ್ರ ನುಚ್ಚು, ಸಡ್ಲ ಆದ್ರ ಭತ್ತ, ನಡುವ ಅಕ್ಕಿ" ಎಂಬುದು ಅವರ ಸಿದ್ಧಾಂತ. ಕಾಯಿಲ್‌ಓವರ್ ಹಾಕಿಸಿದ ಮೇಲೆ ಗುಂಡಿಯನ್ನು ಒಂದಿಷ್ಟು ತಿರುವುವುದು, ನನ್ನನ್ನು ಗೂಡಿಗೆ ತುರುಕಿ ಕಾಲುವೆ ದಂಡೆಯವರೆಗೆ ಹೋಗಿಬರುವುದು, ಇಳಿಸಿ ಕೇಳುವುದು: "ನುಚ್ಚೋ, ಭತ್ತೋ?"

"ನುಚ್ಚು ಮಾಮಾ."

ಮತ್ತೆ ಟಕ್ ಟಕ್. ಮತ್ತೆ ಕಾಲುವೆ.

"ಈಗ?"

"ಭತ್ತ. ತೊಟ್ಲಾಗ ತೂಗಿದಂಗ ಆಗಿ ವಾಂತಿ ಬರಾಕತ್ತೈತಿ."

ಒಂದು ಸಲ ಹಂಪಿಯಲ್ಲಿ ಕಾರು ನಿಲ್ಲಿಸಿ, ಕಲ್ಲಿನ ರಥದ ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಪರೀಕ್ಷಿಸಿದರು. ನಾನು ಇತಿಹಾಸದ ಮೇಷ್ಟ್ರಲ್ಲವೆ, ಶಿಲ್ಪದ ಬಗ್ಗೆ ಏನಾದರೂ ಕೇಳುತ್ತಾರೆಂದು ಗಂಟಲು ಸರಿಮಾಡಿಕೊಂಡೆ. ಮಾವ ಎದ್ದು, ಕೈ ಒರೆಸಿಕೊಂಡು, "ಶಾಕಪ್ಪಿಲ್ಲ. ಅದಕ್ಕ ನಿಂತಲ್ಲೇ ನಿಂತೈತಿ" ಎಂದರು.

ಇನ್ನು ಕಾಟಾ ಪ್ರಕರಣ. ನಮ್ಮ ಕಡೆ ತೂಕದ ಯಂತ್ರಕ್ಕೆ ಕಾಟಾ ಅನ್ನುತ್ತೇವೆ. ನಾಲ್ಕೂ ಚಕ್ರಗಳ ಮೇಲೆ ಭಾರ ಸರಿಯಾಗಿ ಹಂಚಿಕೆಯಾಗಬೇಕು, ಅದಕ್ಕೆ ಒಂದೊಂದು ಚಕ್ರದ ಅಡಿ ಒಂದೊಂದು ಕಾಟಾ ಇಡಬೇಕು ಎಂದು ಮಾವ ಫೋನಿನಲ್ಲಿ ನೋಡಿ ಕಲಿತರು. ಕಂಪ್ಲಿಯಲ್ಲಿ ಕಾಟಾಕ್ಕೇನು ಬರ! ಮಿಲ್ಲು ಮಿಲ್ಲು ತಿರುಗಿ ತಂದು ಜೋಡಿಸಿದರು. ಜೊತೆಗೆ ಡ್ರೈವರ್ ಸೀಟಿನಲ್ಲಿ ಡ್ರೈವರ್, ಪಕ್ಕದ ಸೀಟಿನಲ್ಲಿ ಕೂರುವವರು, ಇಬ್ಬರ ಭಾರವೂ ಇರಬೇಕಂತೆ. ಅತ್ತೆಯನ್ನು ಕೇಳಿದರು.

"ನನ್ನ ಕಾಟಾದ ಮ್ಯಾಲ ಕುಂದ್ರಸ್ತೀರೇನು? ನಾನೇನು ಭತ್ತದ ಚೀಲೇನು?" ಎಂದರು ಅತ್ತೆ.

ಮಾವ ಒಂದು ಚೀಲಕ್ಕೆ ಅಕ್ಕಿ ತುಂಬಿಸಿದರು. ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದರು. ಇಳಿಸಿ ಒಂದು ಸೇರು ತೆಗೆದರು. ಮತ್ತೆ ಎತ್ತಿದರು. ಅರ್ಧ ಸೇರು ಹಾಕಿದರು. "ಇದ. ಇಷ್ಟ ಇಕಿ" ಎಂದರು.

"ತೂಗದ ಹೆಂಗ ಗೊತ್ತಾತು ಮಾಮಾ?"

"ಎತ್ತಿದ್ರ ತಿಳೀತೈತಿ."

ಜೀವನವಿಡೀ ಚೀಲ ಎತ್ತಿದವರು, ಕೈಗೆ ತೂಕ ತಿಳಿಯುತ್ತದೆ, ಸರಿ. ಆದರೆ ಅತ್ತೆಯನ್ನು ಯಾವಾಗ ಎತ್ತಿದ್ದರು? ಕೇಳುವ ಧೈರ್ಯ ಆಗಲಿಲ್ಲ. ಮಾವನ ಕಿವಿ ಕೆಂಪಗಾಗಿತ್ತು ಎಂದು ನೆನಪು. ಅದೂ ಸಂಡೂರಿನ ಧೂಳೇ ಇರಬಹುದು.

ಚೀಲಕ್ಕೆ ಸೀಟ್ ಬೆಲ್ಟ್ ಹಾಕಿ ಕೂರಿಸಿದ್ದನ್ನು ಅತ್ತೆ ಮನೆ ಬಾಗಿಲಿಂದ ನೋಡಿ, "ಭಾಳ ಚಂದ ಕುಂತೈತಿ ನನಗಿಂತ. ಬಾಯಿಲ್ಲ ಅದಕ್ಕ" ಎಂದರು.

ಕಾಟಾ ನೋಡಿ ನೋಡಿ ಮಾವ ಬಳೆಗಳನ್ನು ತಿರುವಿದರು. ಮುಂದಿನ ಎಡ ಚಕ್ರದ ಮೇಲೆ ಭಾರ ಕಡಿಮೆ ತೋರಿಸುತ್ತಿತ್ತು. ಆ ಮೂಲೆಯನ್ನು ಏರಿಸಿದರು. ಮತ್ತೂ ಕಡಿಮೆ, ಮತ್ತೂ ಏರಿಸಿದರು. ಕಾಟಾದಲ್ಲಿ ಎಲ್ಲ ಸರಿಯಾಗುವ ಹೊತ್ತಿಗೆ ಕಾರು ಕಂಬ ಕಂಡ ನಾಯಿಯಂತೆ ಒಂದು ಕಾಲು ಎತ್ತಿ ನಿಂತಿತ್ತು. ಖಾಜಾ ತಲೆ ಕೆರೆದುಕೊಂಡ. ನಾನು ದೂರದಿಂದ, ಹತ್ತಿರದಿಂದ ನೋಡಿದೆ. ಯಾರಿಗೂ ತಿಳಿಯಲಿಲ್ಲ.

"ಆ ಮುಂದಿನ ಕಾಟಾ ಯಾರ್ದು?" ಬಾಗಿಲಿಂದ ಅತ್ತೆಯ ದನಿ.

"ನಿಮ್ಮಣ್ಣನ ಮಿಲ್ಲಿಂದು" ಎಂದರು ಮಾವ.

"ಭತ್ತ ಕೊಳ್ಳೂ ಕಾಟಾನೋ, ಅಕ್ಕಿ ಮಾರೂ ಕಾಟಾನೋ?"

ಭತ್ತ ಕೊಳ್ಳುವ ಕಾಟಾ ಯಾವತ್ತೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಎಂಬುದು ಮಿಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತಿರುವ ಶಾಸ್ತ್ರ.

"ನಮ್ಮಣ್ಣನ ಕಾಟಾದಾಗ ತೂಗಿದ್ರ ನಾನೂ ಅರ್ಧ ಆಗ್ತೀನಿ. ತಗದಿಡ್ರಿ ಅದನ್ನ."

ಕಾಟಾ ಬದಲಾಯಿತು, ಕಾರು ಕಾಲಿಳಿಸಿತು. ಅಕ್ಕಿ ಚೀಲ ಮಾತ್ರ ಸೀಟಿನಿಂದ ಇಳಿಯಲಿಲ್ಲ. ಅದರ ಪಕ್ಕ ಕೂತು ಮಾವ ದಿನಾ ಕಂಪ್ಲಿ ಬೀದಿಯಲ್ಲಿ ಪರೀಕ್ಷೆಗೆ ಹೋಗಿಬರುತ್ತಿದ್ದರು. ಓಣಿಯ ಒಬ್ಬ ಹೆಂಗಸು ಅತ್ತೆಯ ಹತ್ತಿರ ಬಂದು, "ನಿನ್ನೆ ಕಾರ್ನ್ಯಾಗ ಹೋಗೂ ಮುಂದ ಕೈ ಮಾಡಿದ್ರೂ ನೋಡಲಿಲ್ಲ, ಅಷ್ಟು ಸೊಕ್ಕೇನವಾ?" ಎಂದಳಂತೆ. ಇದು ನಡೆದದ್ದೋ ಮಾವ ಕಟ್ಟಿದ್ದೋ ನನಗಿನ್ನೂ ತಿಳಿದಿಲ್ಲ. ಅತ್ತೆ ಮಾತ್ರ ಕಾರಿಗೆ ಹತ್ತಲಿಲ್ಲ. "ಚೀಲಕ್ಕ ನಿದ್ದಿ ಬಂತೇನು ಕೇಳ್ರಿ" ಎಂದು ದಿನವೂ ಕಿಚಾಯಿಸುತ್ತಿದ್ದರು.

ಆಮೇಲೆ ಮಳೆಗಾಲದಲ್ಲಿ ಅತ್ತೆಗೆ ಹೊಟ್ಟೆಯ ಆಪರೇಷನ್ ಆಯಿತು.

ಆಸ್ಪತ್ರೆ ಹೊಸಪೇಟೆಯಲ್ಲಿ. ವಾಪಸು ಬರುವಾಗ ಮನೆಯವರೆಲ್ಲ ಸೇರಿ ಒಂದು ದೊಡ್ಡ ಬಾಡಿಗೆ ಗಾಡಿ ಮಾಡಿದೆವು. ಪ್ರತಿ ಹಂಪಿಗೂ ಅತ್ತೆ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದರು. ನೋವಿಗೆ ಮೊದಲು ಹೋದದ್ದು ನಿದ್ದೆ, ಆಮೇಲೆ ಊಟ. ನೋಡಲು ಬಂದವರೆಲ್ಲ, ನಾನೂ ಸೇರಿ, "ಏನೂ ಬದಲಾಗಿಲ್ಲ ಬಿಡ್ರಿ, ಹಂಗ ಅದೀರಿ" ಎಂದು ಹೇಳಿ ಹೇಳಿ ಬರುತ್ತಿದ್ದೆವು. ಮತ್ತೆ ಡಾಕ್ಟರಿಗೆ ತೋರಿಸಲು ಅದೇ ರಸ್ತೆಯಲ್ಲಿ ಹೋಗಬೇಕಿತ್ತು. ಅತ್ತೆ ಒಲ್ಲೆ ಅಂದುಬಿಟ್ಟಿದ್ದರು.

ತೋರಿಸಬೇಕಿದ್ದ ದಿನ ಬೆಳಿಗ್ಗೆ ನಾನು ಹೋದಾಗ ಮಾವ ಕಣದಲ್ಲಿ ಚೀಲದ ಬಾಯಿ ಬಿಚ್ಚುತ್ತಿದ್ದರು. ಒಂದು ಸೇರು ತೆಗೆದರು. ಇನ್ನೊಂದು ತೆಗೆದರು. ಚೀಲ ಎತ್ತಿ ಎದೆಗೆ ಹಿಡಿದು ಕಣ್ಣು ಮುಚ್ಚಿದರು. ಇಳಿಸಿ, ಮತ್ತೂ ತೆಗೆದರು. ನೆಲದ ಮೇಲೆ ಅಕ್ಕಿಯ ಗುಡ್ಡೆ ಬೆಳೆಯುತ್ತಲೇ ಇತ್ತು.

"ಯಾಕ ಮಾಮಾ?"

"ಭಾರ ಇಳದ್ರ ಕುಲುಕು ಜಾಸ್ತಿ ಆಗ್ತೈತಲೇ. ಮೊದಲಿನ ಇಕಿಗೆ ಬಿಗಿ ಮಾಡಿದ್ದು. ಈಗಿನ ಇಕಿಗೆ ಬಡೀತೈತಿ."

ನಾನು ಬರುವ ಮೊದಲು ಅತ್ತೆಯನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸಿದ್ದು ಅವರೇ. ನಾವೆಲ್ಲ ಬಾಯಿಂದ ಮುಚ್ಚಿಟ್ಟದ್ದು ಅವರ ಕೈಗೆ ತಿಳಿದಿತ್ತು.

ಚೀಲ ಕೂರಿಸಿ, ಬಳೆ ತಿರುವಿ, ಗುಂಡಿ ಸಡಿಲಿಸಿ, ಮಾವ ಒಳಗೆ ಹೋಗಿ ಕೇಳಿದರು. ಅತ್ತೆ ಬಹಳ ಹೊತ್ತು ಅವರ ಕೈಗೆ ಮೆತ್ತಿದ ಅಕ್ಕಿ ತೌಡನ್ನೇ ನೋಡಿದರು. "ಮಂಚದ ಮ್ಯಾಲಂತೂ ನಿದ್ದಿಲ್ಲ. ನಡೀರಿ, ನಿಮ್ಮ ಗಾಡ್ಯಾಗರ ಬರ್ತೈತೇನು ನೋಡೂಣು."

ಮಾವ ಚೀಲ ಇಳಿಸಿ ಅತ್ತೆಯನ್ನು ಕೂರಿಸಿದರು. ನಾನು ಗೂಡಿಗೆ ಹೋದೆ. ಗದ್ದೆಗಳು ಹಿಂದೆ ಸರಿದವು. ಅತ್ತೆಯ ತಂಗಿಯರು ಒಬ್ಬೊಬ್ಬರಾಗಿ ಅಡಿಯಲ್ಲಿ ಹಾದುಹೋದರು. ಒಂದಿಷ್ಟು ತೂಗಿದಂತೆ, ಅಷ್ಟೆ. ಮಾವ ಯಾರಿಗೂ ಶರಣು ಹೇಳುತ್ತಿಲ್ಲ ಎಂಬುದು ನನಗೆ ಹೊಳೆದದ್ದು ಶಾಲೆಯ ಮುಂದೆ. ಕಾರು ಓರೆಯಾಯಿತು. ಒಂದು ಚಕ್ರ ಹತ್ತಿತು, ಇಳಿಯಿತು. ಮಾವನ ತುಟಿ ಮಾತ್ರ ಅಲ್ಲಾಡಿತು: ಶರಣ್ರೀ ಭಾವಾರ. ನಾನು ಮುಂದಕ್ಕೆ ಬಗ್ಗಿ ನೋಡಿದೆ. ಅತ್ತೆಯ ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ.

ಆಸ್ಪತ್ರೆ ಬಂತು. ಮಾವ ನಿಲ್ಲಿಸಲಿಲ್ಲ. ಅದರ ಮುಂದಿನಿಂದಲೇ ಹಾದು, ಇನ್ನೊಂದು ಸುತ್ತು ಹಾಕಲು ಹೊರಟರು.

ಮೊನ್ನೆ ಕಂಪ್ಲಿಗೆ ಹೋದಾಗ ಮಾವ ಕಣದಲ್ಲಿ ಮತ್ತೆ ಚೀಲದ ಮುಂದೆ ಕೂತು ಅಕ್ಕಿ ಹಾಕುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸಾಕ್ರಿ, ಅಷ್ಟೇನಿಲ್ಲ ನಾನು."

ಮಾವ ಇನ್ನೊಂದು ಸೇರು ಹಾಕಿ, ಚೀಲ ಎತ್ತಿ ಎದೆಗೆ ಹಿಡಿದು, "ಅಷ್ಟ ಅದೀ" ಎಂದರು.