ಮೂರು ಪಕ್ಕೆಲುಬಿನ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಊರುಗಳಲ್ಲಿ ನಮ್ಮ ಅತ್ತಿಯ ಬೀಗರಿದ್ದಾರೆ. ಅವಳಿಗೆ ಮಕ್ಕಳಿಲ್ಲ. ಹಾಗಾದರೆ ಬೀಗರು ಎಲ್ಲಿಂದ ಬಂದರು ಎಂದು ಕೇಳಬೇಡಿ. ಕೇಳಿದರೆ ಅವಳು ನಿಮ್ಮ ಮನೆ ನೋಡಲು ಬರುತ್ತಾಳೆ. ಬಂದರೆ ಒಂದು ನಾಯಿ ಕೊಟ್ಟೇ ಹೋಗುತ್ತಾಳೆ!

ಅತ್ತಿ ಎಂದರೆ ನಮ್ಮಪ್ಪನ ಅಕ್ಕ. ಮಂಗಸೂಳಿ ಕಡೆಯ ಒಂದು ದೊಡ್ಡ ಮನೆಗೆ ಮದುವೆಯಾಗಿ ಹೋಗಿದ್ದಳು. ನಾಲ್ಕು ವರ್ಷದ ಮೇಲೆ ತಿರುಗಿ ಬಂದಳು. ಯಾಕೆ ಬಂದಳು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡುವುದಕ್ಕೆ ನಾಯಿಗಳ ಗದ್ದಲದಲ್ಲಿ ಪುರಸೊತ್ತೂ ಇರಲಿಲ್ಲವೆನ್ನಿ.

ಯಾವ ನಾಯಿಯಾದರೂ ನಡೆಯುತ್ತದೆಂದು ತಿಳಿಯಬೇಡಿ. ಮುಧೋಳ ತಳಿಯದೇ ಆಗಬೇಕು, ಅದೂ ವಯಸ್ಸಾದದ್ದು. ಉದ್ದ ಮೋರೆ, ಕೋಲಿನಂಥ ಕಾಲು, ಇದೆಯೋ ಇಲ್ಲವೋ ಎನ್ನುವಂಥ ಹೊಟ್ಟೆ. ನಮ್ಮ ಕಡೆ ಕಬ್ಬು, ದ್ರಾಕ್ಷಿ ಇದ್ದವರ ಅಂಗಳದಲ್ಲಿ ಅಂಥದೊಂದು ನಿಂತರೆ ಹೊಸ ಟ್ರ್ಯಾಕ್ಟರ್ ನಿಂತಷ್ಟೇ ಗತ್ತು. ಮೊಲ ಹಿಡಿಯುವಷ್ಟು ದಿನ ಅದಕ್ಕೆ ಹಾಲು, ತತ್ತಿ, ಬೆನ್ನು ತಟ್ಟುವುದು. ಎಂಟೊಂಬತ್ತು ವರ್ಷ ತುಂಬಿ ಮೊಲಕ್ಕೂ ಅದಕ್ಕೂ ಅಂತರ ಹೆಚ್ಚಾಯಿತೋ, ಮರ್ಯಾದಸ್ಥ ಯಜಮಾನರು ಅದನ್ನು ಜೀಪಿನಲ್ಲಿ ಕೂರಿಸಿಕೊಂಡು ಬೇರೆ ಊರು ತೋರಿಸಲು ಹೊರಡುತ್ತಾರೆ. ಬರುವಾಗ ಜೀಪು ಖಾಲಿ. ಎಂಥ ಪ್ರವಾಸಪ್ರಿಯರು!

ಆ ಪ್ರವಾಸಿಗಳೆಲ್ಲ ಕೊನೆಗೆ ಚಿಕ್ಕೋಡಿಯ ನಮ್ಮ ಅಂಗಳಕ್ಕೆ ಬಂದು ಸೇರುತ್ತಿದ್ದವು. ಅತ್ತಿ ಅವನ್ನು ಸುಧಾರಿಸಿ ಹೊಸ ಮನೆ ಹುಡುಕುತ್ತಿದ್ದಳು. ಒಬ್ಬರು ಬಿಳಿ ಕೂದಲಿನ ಪುಟ್ಟ ಪಾಮೇರಿಯನ್ ತಂದು ಇದನ್ನೂ ಇಟ್ಟುಕೊಳ್ಳಿ ಎಂದಾಗ ಅದರ ಮೋರೆಯನ್ನೊಮ್ಮೆ ನೋಡಿ, "ಇದನ್ನ ಯಾರೂ ಬಿಡೂದಿಲ್ಲ ತಗೋರಿ, ಸೋಫಾದ ಮ್ಯಾಲ ಮುದುಕಿ ಆಗ್ತೈತಿ" ಎಂದು ವಾಪಸು ಕಳಿಸಿದಳು.

ನನಗೆ ಎಂಟನೆಯ ಇಯತ್ತೆಯಿಂದ ಡೈರಿ ಬರೆಯುವ ಚಟ. ೧೯೮೬ರಿಂದ ೯೩ರವರೆಗಿನ ನನ್ನ ದಾಖಲೆ ಹೀಗಿದೆ: ಬಂದ ನಾಯಿಗಳು ಮೂವತ್ತೊಂದು. ಮನೆ ಸೇರಿದವು ಇಪ್ಪತ್ತೆರಡು. ತಿರುಗಿ ಬಂದವು ನಾಲ್ಕು. ಅಪ್ಪನನ್ನು ಕಚ್ಚಿದವು ಮೂರು. ಅತ್ತಿಯನ್ನು ಕಚ್ಚಿದವು ಸೊನ್ನೆ. ಕೊನೆಯ ಎರಡು ಅಂಕಿಗಳನ್ನು ಅಪ್ಪ ಹಲವು ಸಲ ಪರಿಶೀಲಿಸಿದ್ದಾನೆ. ತಪ್ಪು ಸಿಕ್ಕಿಲ್ಲ.

ನಾಯಿ ಕೊಡುವ ಮೊದಲು ಅತ್ತಿ ಮನೆತನ ನೋಡಲು ಹೋಗುತ್ತಿದ್ದಳು. ಅವಲಕ್ಕಿ, ಚಹಾ, ಕುಶಲ ಎಲ್ಲ ಪದ್ಧತಿಯಂತೆ. ಕಾಗವಾಡದ ದ್ರಾಕ್ಷಿ ತೋಟದವರೊಬ್ಬರು ನಾಯಿಗೆಂದು ತಗಡಿನ ಗೂಡು ಕಟ್ಟಿಸಿದ್ದರು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಅತ್ತಿ ಗೂಡನ್ನು ಬಾಯ್ತುಂಬ ಹೊಗಳಿ, ಒಳಗೆ ಸ್ವಲ್ಪ ಅಡ್ಡಾಗಿ ತೋರಿಸಿರೆಂದು ಯಜಮಾನರಿಗೇ ಹೇಳಿದಳು. ಪಾಪ, ದೊಡ್ಡ ಮನುಷ್ಯರು, ಹೆಂಗಸರ ಮಾತು ತೆಗೆದುಹಾಕಲಾರದೆ ಒಳಗೆ ಹೋಗಿ ಮಲಗಿದರು. ನಾನು ಗಡಿಯಾರ ನೋಡಿ ಬರೆದುಕೊಂಡೆ. ಏಳನೆಯ ನಿಮಿಷಕ್ಕೆ ಅಂಗಿ ಹಿಂಡುವಂತಾಗಿ ಹೊರಗೆ ಬಂದರು. "ಹೆಂಗ ಐತ್ರಿ?" ಎಂದಳು ಅತ್ತಿ. ಆ ನಾಯಿ ಮುಂದೆ ಬದುಕಿರುವತನಕ ಯಜಮಾನರ ಮಂಚದ ಕೆಳಗೆ, ಫ್ಯಾನಿನ ಗಾಳಿಗೆ ಮಲಗಿತು.

ನಿಪ್ಪಾಣಿಯ ಮನೆಯಲ್ಲಿ ತೊಡಕೇ ಬೇರೆ. ಅಲ್ಲಿಯ ಮನೆಯೊಡತಿ ಬಾಯಿಯವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಗೊತ್ತುಮಾಡಿದ ನಾಯಿಯೋ ಅಚ್ಚ ಕನ್ನಡದ್ದು. ತನಗೆ ಕನ್ನಡ ಬರುವುದಿಲ್ಲವೆಂದು ಬಾಯಿ ಮರಾಠಿಯಲ್ಲಿ ಹೇಳಿಕೊಂಡಾಗ ಅತ್ತಿ ಮರಾಠಿಯಲ್ಲೇ, ನಾಯಿಗೆ ಬರುತ್ತದಲ್ಲ ಎಂದಳು. ಈ ವಯಸ್ಸಿನಲ್ಲಿ ಅದಕ್ಕೆ ಹೊಸ ಭಾಷೆ ಕಲಿಸುವುದು ಯಾವ ನ್ಯಾಯ? ಚಿಕ್ಕವರು ಕಲಿಯಬೇಕು. ಬಾಯಿ ಮೂರು ಮಾತು ಬಾಯಿಪಾಠ ಮಾಡಿದರು: ಬಾ, ಕುಂದ್ರು, ಸಾಕು. ಆರು ತಿಂಗಳ ನಂತರ ಹೋದಾಗ ಮೂರನ್ನೂ ಗಂಡನ ಮೇಲೆ ಪ್ರಯೋಗಿಸುತ್ತಿದ್ದರು. ನಾಯಿಗಿಂತ ಬೇಗ ಅವರೇ ಮಾತು ಕೇಳುತ್ತಾರಂತೆ.

ಇಷ್ಟಕ್ಕೇ ಮುಗಿದಿದ್ದರೆ ಅಪ್ಪನಿಗೆ ತಲೆನೋವು ಇರುತ್ತಿರಲಿಲ್ಲ. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಅತ್ತಿ ಕರೆತರುತ್ತಿದ್ದದ್ದು ನಾಯಿಗಳನ್ನು! ಪಂಚಮಿಯ ವಾರ ಕೆಂಪು ಬಸ್ಸುಗಳಲ್ಲಿ ಕೈಚೀಲ ಹಿಡಿದ ಅಣ್ಣಂದಿರು, ಹೊಸ ಸೀರೆಯ ತಂಗಿಯರು, ನಡುವೆ ಅತ್ತಿ ಮತ್ತು ಅವಳ ಬೀಗರ ಮನೆಯ ಸೊಸೆ. ಕಂಡಕ್ಟರು ನಾಯಿ ಎಲ್ಲಿಗೆ ಎಂದರೆ ತವರಿಗೆ ಎನ್ನುವಳು. ಅವರು ಮುಂದೆ ಏನು ಕೇಳಬೇಕೆಂದು ತಿಳಿಯದೆ ಸೀಟಿ ಊದುತ್ತಿದ್ದರು. ಮನೆಯಲ್ಲಿ ನಾವು ಜೋಕಾಲಿ ಆಡುತ್ತಿದ್ದರೆ ಕೆಳಗೆ ಹತ್ತು ಹನ್ನೆರಡು ಉದ್ದ ಮೋರೆಗಳು ಜೋಕಾಲಿಯ ಜೊತೆಗೇ ಅತ್ತಿತ್ತ ತಿರುಗುತ್ತಿದ್ದವು, ನಮ್ಮ ಕೈಯೊಳಗಿನ ಶೇಂಗಾ ಉಂಡಿಯ ಮೇಲೆ ಕಣ್ಣಿಟ್ಟು.

ಬಂದ ನಾಯಿಯ ಬೆನ್ನಿನಿಂದ ಕೆಳಕ್ಕೆ ಕೈಯಾಡಿಸಿ, ಕಣ್ಣು ಮುಚ್ಚಿ, ಅತ್ತಿ ಪಕ್ಕೆಲುಬು ಎಣಿಸುತ್ತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಈ ತಳಿಗೆ ಮೂರು ಸಿಕ್ಕರೆ ಬರೋಬರಿ. ಐದು ಸಿಕ್ಕರೆ ಆ ನಾಯಿ ಬೀಗರ ಮನೆಗೆ ತಿರುಗಿ ಹೋಗುವುದಿಲ್ಲ. ನನ್ನ ದಾಖಲೆಯ 'ತಿರುಗಿ ಬಂದವು ನಾಲ್ಕು' ಅಂಥವು. ಇಷ್ಟೆಲ್ಲ ಯಾಕೆ, ಮನೆಯವರನ್ನೇ ಕೇಳಬಾರದೇ ಎಂದು ನಾನೊಮ್ಮೆ ಅಂದೆ. "ಕೇಳಿದ್ರ ಎಲ್ಲಾರೂ ಆರಾಮ ಅಂತಾರ" ಎಂದಳು.

ಹೀಗಿರುವಾಗ ನನಗೆ ಇಪ್ಪತ್ತೆರಡು ತುಂಬಿತು. ನಾಯಿಗಳ ಪಾಳಿ ಮುಗಿಯಲೆಂದು ಕಾಯದೆ ಅಪ್ಪ ನನಗೂ ಮನೆ ಹುಡುಕತೊಡಗಿದ. ರಾಯಬಾಗದ ಸಂಬಂಧ ಬಂತು. ಹುಡುಗ ನೋಡಲು ಚೆಂದ, ಸರಕಾರಿ ನೌಕರಿ, ಮೆಟ್ಟಿಲಿಗೆ ಗ್ರಾನೈಟ್. ಅವರ ಮನೆ ನೋಡಲು ಹೋದಾಗ ಅತ್ತಿಯೂ ನಮ್ಮೊಂದಿಗೆ ಬಂದಿದ್ದಳು. ಗೋಡೆಯ ಮೇಲೆ ಹುಡುಗ ಮುಧೋಳ ನಾಯಿಯೊಂದರ ಜೊತೆ ನಿಂತ ಫೋಟೋ ಇತ್ತು. ಅತ್ತಿ ಅದರತ್ತ ನೋಡಿ, ಇದು ಎಲ್ಲಿ ಐತಿ ಎಂದಳು. ಹುಡುಗ ನಕ್ಕು, "ಅದು ಓಡೂದ ಬಿಟ್ತರಿ. ಬಿಟ್ಟ ಬಂದ್ವಿ" ಎಂದ. ಚಹಾ ಇನ್ನೂ ಬಂದಿರಲಿಲ್ಲ. ಅತ್ತಿ ಎದ್ದು ಚಪ್ಪಲಿ ಮೆಟ್ಟಿದಳು.

ಸಂಬಂಧ ಮುರಿಯಿತು. ಜಾತಕ ಕೂಡದೆ ಮುರಿದದ್ದು ಕೇಳಿದ್ದೀರಿ. ಫೋಟೋದಲ್ಲಿನ ನಾಯಿಯಿಂದ ಮುರಿದದ್ದು ಕೇಳಿದ್ದೀರಾ? ಅಪ್ಪ ಹತ್ತೊಂಬತ್ತು ದಿನ ಅಕ್ಕನೊಡನೆ ಮಾತು ಬಿಟ್ಟ. ನಾನು ಹನ್ನೊಂದು ದಿನ ಬಿಟ್ಟೆ. ಹುಡುಗ ಚೆಂದ ಇದ್ದನೆಂದು ಮೊದಲೇ ಹೇಳಿದೆನಲ್ಲ. ಓಣಿಯಲ್ಲಿ ಸುದ್ದಿ ಹಬ್ಬಿ, ಎರಡು ವರ್ಷ ನಮ್ಮ ಮನೆಯ ಕಡೆ ಯಾರೂ ಹಾಯಲಿಲ್ಲ. ಅವ್ವ ನನ್ನ ಮದುವೆಗೆಂದು ತೆಗೆದಿಟ್ಟ ಸೀರೆಗಳನ್ನು ಬಿಸಿಲಿಗೆ ಹಾಕುವುದು, ಮಡಿಚಿಡುವುದು ಮಾಡುತ್ತಿದ್ದಳು. ಡೈರಿಯ ಪ್ರಕಾರ ಏಳು ಸಲ.

ಎಂಟನೆಯ ಸಲ ಹಾಕಿದಾಗ ಬೋರಗಾಂವದಿಂದ ಸಂಬಂಧ ಬಂತು. ವಿದ್ಯುತ್ ಮಗ್ಗದವರು. ಹುಡುಗನಿಗೆ ಮಗ್ಗದ ಸದ್ದಿನಲ್ಲಿ ಬೆಳೆದು ಜೋರಾಗಿ ಮಾತಾಡುವ ರೂಢಿ. ಅದು ಬಿಟ್ಟರೆ ದೋಷವಿಲ್ಲ. ಆದರೆ ಆ ಮನೆಯಲ್ಲಿ ನಾಯಿಯೇ ಇರಲಿಲ್ಲ! ಅತ್ತಿಗೆ ಪರೀಕ್ಷೆ ಮಾಡಲು ದಾರಿಯೇ ಇಲ್ಲ. ಅಪ್ಪ ಖುಷಿಯಿಂದ ಎರಡನೆಯ ತಟ್ಟೆ ಅವಲಕ್ಕಿ ತೆಗೆದುಕೊಂಡ. ಆಗ ಅತ್ತಿ, ಹುಡುಗಿಯನ್ನು ಆಮೇಲೆ ನೋಡೋಣ, ಮೊದಲು ಒಂದು ನಾಯಿ ಇಟ್ಟುಕೊಂಡು ನೋಡಿರಿ ಎಂದಳು. ಅಪ್ಪನ ಕೈಯಲ್ಲಿದ್ದ ಚಮಚ ಕೈಯಲ್ಲೇ ಉಳಿಯಿತು. ಹುಡುಗನ ತಾಯಿ, "ಅದಕ್ಕ ರೊಟ್ಟಿ ನಡೀತದೇನ್ರಿ, ಇಲ್ಲಾ ಬರೇ ಹಾಲ?" ಎಂದರು.

ಹೀಗೆ ನನಗಿಂತ ಮೊದಲು ಆ ಮನೆ ತುಂಬಿದ್ದು ಬಿಜಲಿ. ಹನ್ನೊಂದು ವರ್ಷದ ಹೆಣ್ಣು, ಒಂದು ಕಣ್ಣಿಗೆ ಪೊರೆ; ಹೆಸರಿಗಷ್ಟೇ ಮಿಂಚು, ಅಂಗಳ ದಾಟಲು ಎರಡು ಸಲ ಕೂರುತ್ತಿತ್ತು. ತಿಂಗಳ ಮೇಲೆ ಅತ್ತಿ ಹೋಗಿ ಕೈಯಾಡಿಸಿದಳು. ಮೂರು. ಬಂದು ಅಪ್ಪನಿಗೆ, ಕೊಡು ಎಂದಳು, ಅಷ್ಟೇ. ನನ್ನ ಅಭಿಪ್ರಾಯವನ್ನು ಬಿಜಲಿ ನನ್ನ ಪರವಾಗಿ ಕೊಟ್ಟಾಗಿತ್ತು.

ಮದುವೆಯಾದ ಮೊದಲ ಪಂಚಮಿಗೆ ಕರೆಯಲು ನನ್ನ ತಮ್ಮ ಬರುವವನಿದ್ದ. ಬಂದದ್ದು ಅತ್ತಿ, ಕೈಯಲ್ಲಿ ಎಂದಿನ ಹಗ್ಗ ಮತ್ತು ಉಂಡಿಯ ಡಬ್ಬಿ. ನನ್ನತ್ತ ನೋಡದೆ ನೇರ ಬಿಜಲಿಯ ಹತ್ತಿರ ಹೋಗಿ ಕುಳಿತು ಎಣಿಸಿದಳು. ಸಹಜವೇ, ಬೀಗತನದಲ್ಲಿ ಬಿಜಲಿ ನನಗಿಂತ ಹಿರಿಯಳು. ನಮ್ಮ ಅತ್ತೆಯವರು ಚಹಾ ತರಲು ಒಳಗೆ ಹೋದರು. ಅತ್ತಿ ಎದ್ದು, ಇಲ್ಲಿ ಬಾ ಎಂದು ನನ್ನನ್ನು ಹತ್ತಿರ ಎಳೆದುಕೊಂಡಳು. ಅಪ್ಪಿಕೊಳ್ಳುತ್ತಾಳೆ ಅಂದುಕೊಂಡೆ. ಅವಳ ಕೈ ನನ್ನ ಬೆನ್ನಿನಿಂದ ಪಕ್ಕೆಗೆ ಇಳಿಯಿತು. ಕಣ್ಣು ಮುಚ್ಚಿತ್ತು. ತುಟಿ ಅಲ್ಲಾಡುತ್ತಿತ್ತು.

"ಅತ್ತಿ, ನಾ ನಾಯಿ ಅಲ್ಲ" ಎಂದು ನಕ್ಕೆ.

ಅವಳು ಕೈ ತೆಗೆಯಲಿಲ್ಲ. "ನಾಕ ಪಂಚಮಿ ನಮ್ಮಪ್ಪ ನನ್ನ ಕರಿಯಾಕ ಬಂದಿದ್ದ" ಎಂದಳು. "ಆರಾಮ ಅದಿ ಏನವಾ ಅಂತ ಕೇಳ್ತಿದ್ದ. ಹೂಂ ಅಂತಿದ್ದೆ. ಹಬ್ಬ ಮುಗಿಸಿ ಮತ್ತ ಅಲ್ಲೇ ಬಿಟ್ಟ ಹೋಗ್ತಿದ್ದ. ಒಮ್ಮೆ ಮುಟ್ಟಿ ನೋಡಿದ್ರ ತಿಳೀತಿತ್ತು ಅವಗ."

ನಾನು ನಗುವುದನ್ನು ನಿಲ್ಲಿಸಿದೆ. ಒಳಗೆ ಚಹಾದ ಕಪ್ಪುಗಳ ಸದ್ದಾಗುತ್ತಿತ್ತು. ಅತ್ತಿ ಮತ್ತೊಮ್ಮೆ ಮೊದಲಿನಿಂದ ಎಣಿಸಲು ನೋಡಿದಳು.

"ಒಂದೂ ಸಿಗವಲ್ದು" ಎಂದಳು. "ದಪ್ಪ ಆಗಿ."

ಎಣಿಸಲು ಏನೂ ಇಲ್ಲದಿದ್ದರೂ ಆ ಕೈ ಬಸ್ಸಿನಲ್ಲಿ ಚಿಕ್ಕೋಡಿ ಬರುವತನಕ ನನ್ನ ಬೆನ್ನ ಮೇಲೆಯೇ ಇತ್ತು. ಬಿಜಲಿ ನಮ್ಮಿಬ್ಬರ ಕಾಲ ಮೇಲೆ ಅಡ್ಡಡ್ಡ ಮಲಗಿತ್ತು. ಕಂಡಕ್ಟರು ಬಂದು ಎಲ್ಲಿಗೆ ಎಂದರು. ಅತ್ತಿಯ ಬದಲು ಈ ಸಲ ನಾನು ಹೇಳಿದೆ, ಮೂವರೂ ತವರಿಗೆ ಎಂದು.