ಒಪ್ಪಿಕೊಂಡರೆ ಮಾತ್ರ ಕರೆಂಟು

ಬೇಸಿಗೆ ಬಂತೆಂದರೆ ಸಿಂಧನೂರಿನ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಕರೆಂಟಿನ ಬೋರ್ಡಿನ ಎಂಸಿಬಿ ಸ್ವಿಚ್ಚು ಬೀಳುತ್ತದೆ. ಒಂದೇ ಪ್ಲಗ್ಗಿಗೆ ಹತ್ತು ಸಾಮಾನು ಹಚ್ಚಿದರೆ ಸ್ವಿಚ್ಚು ಬೀಳಲೇಬೇಕು, ಅದು ಅದರ ಧರ್ಮ. ಬಿದ್ದ ಮೇಲೆ ಜನ ಆಡುವ ಮಾತಿದೆಯಲ್ಲ, ಅದಕ್ಕೆ ಯಾವ ನಿಯಮವೂ ಇಲ್ಲ. ನಗುವುದು ನನ್ನ ಸ್ವಭಾವವಲ್ಲ. ಆದರೂ ಬರೆದಿಡುತ್ತೇನೆ.

ಪ್ಲಗ್ ಒಂದ

ಮನೆಯ ಕೆಳಗೆ ನಾನು, ನನ್ನ ಹೆಂಡತಿ, ನಮ್ಮವ್ವ. ಮೇಲೆ ಬಾಡಿಗೆಗೆ ಒಬ್ಬ ಟೇಲರ್ ಮಾಸ್ತರ್, ಅವರ ಸಂಸಾರ. ಎರಡಕ್ಕೂ ಬೋರ್ಡು ಒಂದೇ, ನಮ್ಮ ಪಡಸಾಲೆಯಲ್ಲಿ. ಅದರ ಪಕ್ಕಕ್ಕೆ ರಟ್ಟಿನ ಮೇಲೆ ಆರು ನಿಯಮ ಬರೆದು ತೂಗುಹಾಕಿದ್ದೇನೆ. ಮೊದಲನೆಯದು, ಏನೇನು ಹಚ್ಚಿದ್ದಿರೆಂದು ನಿಜ ಒಪ್ಪಿಕೊಳ್ಳಬೇಕು. ಎರಡನೆಯದು, ಅವನ್ನೆಲ್ಲ ಕಿತ್ತು ಬರಬೇಕು. ಆಮೇಲೆ ಸ್ವಿಚ್ಚು ಎತ್ತುವವನು ನಾನು, ಬೇರೆ ಯಾರೂ ಅಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವನಾದ್ದರಿಂದ ನಿಯಮಗಳು ನನಗೆ ಇಂಗ್ಲಿಷಿನಲ್ಲೇ ಬಂದವು. ಮನೆಯಲ್ಲಿ ಅವನ್ನು ಓದುವವನೂ ನಾನೊಬ್ಬನೇ.

ಒಂದು ದಿನ ಮಾಸ್ತರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಇಳಿದು ಬಂದರು.

“ಬಿತ್ರಿ ಸರ್.”

“ಏನೇನ್ ಹಚ್ಚಿದ್ರಿ?”

“ಕಸಮ್ ಸರ್, ಗ್ವಾಡಿಗೆ ಒಂದ ಪ್ಲಗ್ ಹಚ್ಚೀನಿ. ಬೇಕಾದ್ರ ಬಂದು ನೋಡ್ರಿ.”

ಹೋಗಿ ನೋಡಿದೆ. ನಿಜ, ಗೋಡೆಗೆ ಪ್ಲಗ್ ಒಂದೇ. ಅದರ ವೈರು ಹಿಡಿದು ಹೊರಟರೆ ಒಂದು ಉದ್ದ ಬೋರ್ಡು ಸಿಕ್ಕಿತು. ಅದರಲ್ಲಿ ಎರಡು ಹೊಲಿಗೆ ಮಷೀನಿನ ಮೋಟರು, ಇಸ್ತ್ರಿ, ಕೂಲರ್, ಮತ್ತೊಂದು ಸಣ್ಣ ಬೋರ್ಡು. ಸಣ್ಣ ಬೋರ್ಡಿನಲ್ಲಿ ಮಿಕ್ಸರ್, ಇಂಡಕ್ಷನ್ ಒಲೆ.

“ಇದೇನ್ರಿ ಮಾಸ್ತರ್?”

“ಅವು ನಿಮ್ಮ ಗ್ವಾಡಿಗೆ ಹಚ್ಚಿಲ್ಲಲ್ರಿ ಸರ್,” ಅಂದರು ಮಾಸ್ತರ್, “ನನ್ನ ಬೋರ್ಡಿಗೆ ಹಚ್ಚೀನಿ.”

ಸೀನಿಯರ್ ಕೆಟಲ್

ನಾನು ಭೌತಶಾಸ್ತ್ರ ಕಲಿಸುವುದು ಮಸ್ಕಿಯ ಒಂದು ಕಾಲೇಜಿನಲ್ಲಿ. ಅಲ್ಲಿಯ ಸ್ಟಾಫ್ ರೂಮಿನಲ್ಲಿ ಚಹಾದ ಕೆಟಲ್ಲೂ ಕೂಲರೂ ಕೂಡಿ ನಡೆದರೆ ಎಂಸಿಬಿ ಬೀಳುತ್ತಿತ್ತು. “ಎರಡರಾಗ ಒಂದು ತೆಗೀರಿ” ಎಂದು ಜವಾನರಿಗೆ ಹೇಳಿ ಕ್ಲಾಸಿಗೆ ಹೋದೆ. ಬಂದು ನೋಡಿದರೆ ಕೂಲರ್ ಬಂದ್. ಅಧ್ಯಾಪಕರೆಲ್ಲ ಬೆವರು ಒರೆಸಿಕೊಳ್ಳುತ್ತ ಸುಡುಸುಡು ಚಹಾ ಕುಡಿಯುತ್ತಿದ್ದಾರೆ.

“ಈ ಬಿಸಲಾಗ ಕೂಲರ್ ಯಾಕ ತೆಗದ್ರಿ?”

“ಕೆಟಲ್ ಬಂದು ಹತ್ತು ವರ್ಷ ಆತ್ರಿ ಸರ್. ಕೂಲರ್ ಮೊನ್ನೆ ಬಂದೈತಿ. ಸೀನಿಯರ್ ಇರೂಮಟ ಜೂನಿಯರ್‌ಗೆ ಹೆಂಗ ಕೊಡೂದ್ರಿ?”

ಸುತ್ತ ನೋಡಿದೆ. ಬೆವರುತ್ತಿದ್ದ ಸೀನಿಯರುಗಳೆಲ್ಲ ಹೌದೆಂದು ತಲೆಯಾಡಿಸುತ್ತಿದ್ದರು.

ಮಾವನವರ ಟೇಕಾ

ಲಿಂಗಸುಗೂರಿನಲ್ಲಿ ನನ್ನ ಮಾವನ ಮನೆ. ಒಮ್ಮೆ ಹೋದಾಗ ಅವರು ಫೋನಿನಲ್ಲಿ ಲೈನ್‌ಮನ್‌ಗೆ ಬೈಯುತ್ತಿದ್ದರು. “ಮುಂಜಾನಿಂದ ಕರೆಂಟಿಲ್ಲ, ನೀ ಏನ್ ಮಕ್ಕೊಂಡೀಯೇನ್?” ಎದುರು ಮನೆಯಲ್ಲಿ ಮಾತ್ರ ಟಿವಿ ಜೋರಾಗಿ ಹಾಡುತ್ತಿತ್ತು. ಬೋರ್ಡು ತೆರೆದೆ. ಎಂಸಿಬಿ ಮೇಲೇ ಇತ್ತು. ಅದರ ಕೆಳಗೊಂದು ಕಟ್ಟಿಗೆಯ ಚಕ್ಕೆ ಬಿಗಿಯಾಗಿ ಸಿಕ್ಕಿಸಿದ್ದರು.

“ಇದೇನ್ರಿ ಮಾವಾರ?”

“ಗಳಿಗಿಗೊಮ್ಮೆ ಬೀಳ್ತಿತ್ತು, ಟೇಕಾ ಕೊಟ್ಟೀನಿ. ಆಮ್ಯಾಲೆ ಒಮ್ಮೆನೂ ಬಿದ್ದಿಲ್ಲ ನೋಡ್ರಿ ಅಳಿಯಾರ!”

ಮೇಲೆ ಒತ್ತಿ ಹಿಡಿದರೂ ಅದು ಒಳಗೊಳಗೇ ಕರೆಂಟು ಕಡಿಯುತ್ತದೆ ಎಂದು ವಿವರಿಸಿದೆ. ಚಕ್ಕೆ ತೆಗೆದೆ, ಸ್ವಿಚ್ಚು ಬಿತ್ತು. ನೀರು ಕಾಯಿಸುವ ಕಾಯಿಲ್ ಕಿತ್ತು ಎತ್ತಿದೆ, ಫ್ಯಾನು ತಿರುಗಿತು. ಮಾವ ತಕ್ಷಣ ಮತ್ತೆ ಲೈನ್‌ಮನ್‌ಗೆ ಫೋನು ಹಚ್ಚಿದರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ.

“ನೋಡಪಾ,” ಅಂದರು, “ಬೈದ ಮ್ಯಾಲೆ ಬಂತಲ್ಲ!”

ಕಳ್ಳ ಸಿಕ್ಕದ್ದು

ಒಂದು ಮಧ್ಯಾಹ್ನ, ಮೂರು ಗಂಟೆ. ನಾಲ್ಕಕ್ಕೆ ತುರ್ವಿಹಾಳದಿಂದ ಮದುಮಗನೊಬ್ಬ ತನ್ನ ಶೆರ್ವಾನಿ ಒಯ್ಯಲು ಬರುವವನಿದ್ದ. ಬಂದ ಬಸ್ಸಿಗೇ ತಿರುಗಿ ಹೋಗಬೇಕು, ಮರುದಿನ ಮುಂಜಾನೆ ಮದುವೆ. ಶೆರ್ವಾನಿಗೆ ಇಸ್ತ್ರಿಯೊಂದೇ ಬಾಕಿ. ಅಷ್ಟರಲ್ಲಿ ಫ್ಯಾನು ನಿಂತಿತು. ಮಾಸ್ತರ್ ಓಡಿ ಬಂದರು.

“ಲಗೂನ ಎತ್ರಿ ಸರ್! ಮದಿಮಗ ಬಸ್ಸಿನ್ಯಾಗ ಅದಾನ!”

“ಮೊದ್ಲನೇ ನಿಯಮ ಏನೈತ್ರಿ?”

“ಇಸ್ತ್ರಿ ಹಚ್ಚಿದ್ದೆ. ಕೂಲರೂ ಹಚ್ಚಿದ್ದೆ. ಮಾಫ್ ಮಾಡ್ರಿ.”

ಅಷ್ಟಕ್ಕೇ ಬೀಳುವುದಿಲ್ಲ ಎಂದೆ. ಹೆಂಡತಿಯ ಕಡೆ ನೋಡಿದೆ.

“ನಾ ಮಿಕ್ಸರ್ ಹಚ್ಚಿದ್ದೆ. ರೊಟ್ಟಿಗೆ ಶೇಂಗಾ ಹಿಂಡಿ ಮಾಡಾಕತ್ತಿದ್ದೆ. ಏನೀಗ?”

ಅದೂ ಸಾಲದು ಎಂದೆ. ಆಗ ನಮ್ಮವ್ವ ತನ್ನ ಕೋಣೆಯ ಬಾಗಿಲಿಗೆ ಬಂದಳು. “ನಂದೂ ಒಂದೈತೋ ಯಪ್ಪಾ. ಮಂಚದ ಕೆಳಗ ಕೆಟಲ್ ಇಟ್ಟೀನಿ. ಚಾ ಕಾಸಾಕತ್ತಿದ್ನಿ.”

ಡಾಕ್ಟರು ಅವ್ವನಿಗೆ ಚಹಾ ಬಿಡಿಸಿ ಎರಡು ವರ್ಷವಾಗಿತ್ತು. “ಕೆಟಲ್ ಯಾರು ತಂದುಕೊಟ್ರು?” ಎಂದೆ. ಮಾಸ್ತರ್ ನೆಲ ನೋಡಿದರು.

ವಿಚಾರಣೆ ಮುಗಿದು ಎಲ್ಲರೂ ತಮ್ಮ ತಮ್ಮ ಪ್ಲಗ್ಗು ಕಿತ್ತು ಬರುವಷ್ಟರಲ್ಲಿ ಮೂರೂವರೆ. ಬೋರ್ಡಿನ ಮುಚ್ಚಳ ತೆರೆದೆ. ಸ್ವಿಚ್ಚು ಮೇಲೇ ಇತ್ತು. ಟೇಕಾ ಗೀಕಾ ಏನೂ ಇರಲಿಲ್ಲ. ಬಿದ್ದೇ ಇರಲಿಲ್ಲ.

ಹೆಂಡತಿ ಕಿಟಕಿಯಿಂದ ಇಣುಕಿದಳು. “ಓಣಿಗೆಲ್ಲ ಕರೆಂಟಿಲ್ರಿ.”

ಯಾರೂ ನಗಲಿಲ್ಲ. ಮಾಸ್ತರ್ ಕಣ್ಣು ಗಡಿಯಾರದ ಮೇಲಿತ್ತು. ಅರ್ಧ ಗಂಟೆ ಹಾಳು ಮಾಡಿದವನು ನಾನು. ಅಟ್ಟ ಹತ್ತಿ ಹಳೆಯ ಇದ್ದಿಲು ಇಸ್ತ್ರಿ ಇಳಿಸಿದೆ. ಅವ್ವ ಲೋಬಾನದ ಹೊಗೆಗೆಂದು ಇಟ್ಟುಕೊಂಡಿದ್ದ ಇದ್ದಿಲು ಕೊಟ್ಟಳು. ಬೀಸಲು ಏನೂ ಸಿಗಲಿಲ್ಲ, ಗೋಡೆಯ ರಟ್ಟು ಕಿತ್ತು ಬೀಸಿದೆ. ಆರೂ ನಿಯಮಗಳು ಒಟ್ಟಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ದಿನ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಶೆರ್ವಾನಿ ತಯಾರಾಯಿತು. ಮದುಮಗ ಮುಟ್ಟಿ ನೋಡಿ, “ಭಾರಿ ಕೂತೈತ್ರಿ ಇಸ್ತ್ರಿ” ಎಂದು ಬಸ್ಸಿಗೆ ಓಡಿದ.

ಅವನನ್ನು ಕಳಿಸಲು ಹೋದ ಮಾಸ್ತರ್ ನನ್ನ ವಿಚಾರಣೆಯ ಕಥೆಯನ್ನು ಓಣಿಗೆಲ್ಲ ಹಂಚಿ ಬಂದರು. ಅವ್ವನ ಅರ್ಧ ಕಾದ ಚಹಾವನ್ನೇ ಗ್ಯಾಸಿನ ಮೇಲಿಟ್ಟು ಎಲ್ಲರೂ ಕುಡಿಯುತ್ತಿದ್ದೆವು, ಅವ್ವನಿಗೂ ಅರ್ಧ ಕಪ್ಪು. ಆಗ ಮೂಲೆಮನೆಯ ಕಿರಾಣಿ ಸಾಹುಕಾರರು ಬಾಗಿಲಲ್ಲಿ ಕೈಮುಗಿದು ನಿಂತರು. ಹಿಂದೆ ನಾಲ್ಕು ಮಂದಿ ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

“ಸರ್, ನಾನೂ ಒಪ್ಕೊಂತೀನ್ರಿ. ಎರಡು ಕೂಲರ್, ಒಂದು ಬೋರಿನ ಮೋಟರ್, ಕೂಡೇ ಹಚ್ಚಿದ್ದೆ. ಇನ್ನರ ಕರೆಂಟ್ ಬಿಡ್ರಿ.”

ಅವರ ಮಾತು ಮುಗಿಯುವುದೂ ತಲೆಯ ಮೇಲೆ ಫ್ಯಾನು ತಿರುಗುವುದೂ ಒಂದೇ ಆಯಿತು.

ಅವ್ವ ಕಪ್ಪು ಕೆಳಗಿಟ್ಟು ಸಾಹುಕಾರರತ್ತ ಬೆರಳು ಮಾಡಿದಳು.

“ಸಿಕ್ಕ ನೋಡು ಕಳ್ಳ! ಇವನ ಇದ್ದ!”