ಸೀನಿದವನಿಗೊಂದು ಸೀಟು

ಎಲ್ಬರ್ಟ್ ಪೆಲ್ಕಿ ಸೀನಬಾರದಿತ್ತು. ಸೀನಿದ. ಅದೂ ಡಾರ್ಕಸಕ್ಕನ ಹೋಟೆಲಿನಲ್ಲಿ, ಪ್ಯಾನ್‌ಕೇಕಿಗೆ ಮೇಪಲ್ ಪಾಕ ಸುರಿದುಕೊಳ್ಳುವಾಗ. ಸೀನಿದ ರಭಸಕ್ಕೆ ಹೊಟ್ಟೆಯ ಹರ್ನಿಯಾ, ಬಿಲದಿಂದ ಹೆಗ್ಗಣ ಇಣುಕಿದ ಹಾಗೆ, ಹೊರಗೆ ಬಂತು. ಎರಡೂ ಕೈಯಲ್ಲಿ ಒಳಕ್ಕೊತ್ತಿಕೊಂಡು ಕೂತ.

"ಆಪರೇಷನ್ ಮಾಡಿಸ್ಕೊಳ್ಳೋ ಮಾರಾಯ!" ಅಂದಳು ಡಾರ್ಕಸ್.

"ರಸ್ತೆ ಹಿಮ ತಳ್ಳೋನಿಗೆ ಯಾರಕ್ಕ ಇನ್ಶೂರೆನ್ಸ್ ಕೊಡ್ತಾರೆ?"

"ಇವತ್ತೇ ಶಾಸನಸಭೇಲಿ ಮಸೂದೆ ಬರ್ತಿದೆ ಕಣೋ. ಎಲ್ಲರ ಆಸ್ಪತ್ರೆ ಖರ್ಚನ್ನೂ ಸರ್ಕಾರ ಒಂದೇ ಕಟ್ಟುತ್ತಂತೆ! ಅಲ್ಲಿ ಜನರ ಅಹವಾಲೂ ಕೇಳ್ತಾರೆ. ನಡಿ, ಹೊಟ್ಟೆ ತೋರಿಸಿ ಬರೋಣ."

ಏಪ್ರನ್ ಕೂಡ ಬಿಚ್ಚದೆ ಅವನನ್ನು ತನ್ನ ಪಿಕಪ್ಪಿಗೆ ತುರುಕಿದಳು. ಹಿಮ ಕರಗಿ ರಸ್ತೆಯೆಲ್ಲ ಕೆಸರುಗುಂಡಿ. ಒಂದೊಂದು ಗುಂಡಿಗೂ ಹೆಗ್ಗಣ ಇಣುಕುತ್ತಿತ್ತು.

ಶಾಸನಸಭೆಯ ಅಹವಾಲು ಕೋಣೆಯಲ್ಲಿ ಶಾಸಕಿ ಮಿಲಿಸೆಂಟ್ ಹಾಸ್ಕಿನ್ಸ್ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಅವರ ಮೇಜಿನ ಒಂದು ಕಾಲು ಗಿಡ್ಡ. ಅದರಡಿ ಹಿಂದಿನ ಅಧ್ಯಯನ ವರದಿಗಳನ್ನು ಇಟ್ಟಿದ್ದರು. ಜನರಿಗೆ ಉಪಯೋಗವಾಗದಿದ್ದರೇನು, ಮೇಜಿಗಾಯಿತು. ಮುಂದಿನ ಸಾಲಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲ ಬೂದು ಸೂಟಿನಲ್ಲಿ ಸುಖವಾಗಿ ತೂಕಡಿಸುತ್ತಿದ್ದ.

ಸರದಿ ಬಂತು. ಎಲ್ಬರ್ಟ್ ಬಾಯಿ ತೆರೆದ, ಸೀನಿದ. ಹೊಟ್ಟೆಗೆ ಬಿಗಿದಿದ್ದ ಹರ್ನಿಯಾ ಪಟ್ಟಿಯ ಬಕಲ್ಲು ಕಿತ್ತು ಹಾರಿ, ಶಾಸಕಿಯ ನೀರಿನ ಲೋಟಕ್ಕೆ ಡುಬುಕ್ಕಂತ ಬಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಕೀಲನೂ ಎಚ್ಚೆತ್ತು ಎಲ್ಲರಿಗಿಂತ ಜೋರಾಗಿ ತಟ್ಟಿದ. ಮಸೂದೆ ಒಮ್ಮತದಿಂದ ಪಾಸಾಯಿತು.

"ಹಾಗಾದ್ರೆ ಆಪರೇಷನ್ ನಾಳೆನಾ ಮೇಡಂ?"

"ಏನಪ್ಪಾ ಆತುರ! ಈ ಮಸೂದೆ ಚಿಕಿತ್ಸೆ ಕೊಡೋದಕ್ಕಲ್ಲ. ಕೊಡೋಕಾಗುತ್ತಾ ಅಂತ ಅಧ್ಯಯನ ಮಾಡೋದಕ್ಕೆ."

"ಹೋದ ಸಲಾನೂ ಮಾಡಿದ್ರಲ್ಲ?"

"ಮಾಡಿದ್ವಿ. ಆಗುತ್ತೆ ಅಂತ ಬಂತು. ಅದಕ್ಕೇ ಅನುಮಾನ."

ಡಾರ್ಕಸ್ ಕಣ್ಣು ಕೆಕ್ಕರಿಸಿದ್ದು ನೋಡಿ ಶಾಸಕಿ ಮೆತ್ತಗಾದರು. "ಅಧ್ಯಯನ ಸಮಿತೀಲಿ ಇನ್ಶೂರೆನ್ಸ್ ಇಲ್ಲದವರಿಗೆ ಅಂತ ಒಂದು ಸೀಟಿದೆ. ನೀವೇ ಕೂತ್ಕೊಳ್ಳಿ."

ಅಲ್ಲೇ ಪ್ರಮಾಣವಚನ ಆಯಿತು. ಬಲಗೈ ಮೇಲೆ, ಎಡಗೈ ಹೊಟ್ಟೆ ಮೇಲೆ. ಸಮಿತಿಯ ಗುಮಾಸ್ತ ಕೈಕುಲುಕುತ್ತ ಹೇಳಿದ, "ಇನ್ನು ನೀವು ಸರ್ಕಾರದವರು ಸಾರ್. ಈ ಗಳಿಗೆಯಿಂದ ಸರ್ಕಾರಿ ಇನ್ಶೂರೆನ್ಸ್ ನಿಮಗುಂಟು."

ಡಾರ್ಕಸ್ ಅವನನ್ನು ಎದುರಿನ ಆಸ್ಪತ್ರೆಗೆ ಎಳೆದುಕೊಂಡೇ ಹೋದಳು. ಡಾಕ್ಟರೂ ಪುರುಸೊತ್ತಾಗೇ ಇದ್ದರು. ಬೆನ್ನು ತೆರೆದ ಆಸ್ಪತ್ರೆ ಅಂಗಿ ತೊಡಿಸಿ ಮಲಗಿಸಿದರು. ಇನ್ನೇನು ಸೂಜಿ ಚುಚ್ಚಬೇಕು, ಗುಮಾಸ್ತ ಏದುಸಿರು ಬಿಡುತ್ತ ನುಗ್ಗಿದ.

"ನಿಲ್ಲಿಸಿ! ಇವರ ಸೀಟು ಹೋಯ್ತು. ಅದು ಇನ್ಶೂರೆನ್ಸ್ ಇಲ್ಲದವರ ಸೀಟು. ಇವರಿಗೀಗ ಇದೆಯಲ್ಲ!"

"ಸೀಟು ಹೋದ್ರೆ ಇನ್ಶೂರೆನ್ಸು?" ಎಲ್ಬರ್ಟ್ ಎದ್ದು ಕೂತ.

"ಅದೂ ಹೋಯ್ತು."

"ಅಂದ್ರೆ ಈಗಿಲ್ಲ. ಸೀಟು ವಾಪಸ್ ಕೊಡು!"

ಡಾರ್ಕಸ್ ದನಿ ತಗ್ಗಿಸಿದಳು. "ಇವನು ಇನ್ನೊಂದ್ಸಲ ಪ್ರಮಾಣ ಮಾಡ್ತಾನಪ್ಪ. ನೀನು ಈ ಸಲ ಸ್ವಲ್ಪ ನಿಧಾನವಾಗಿ ಓಡಿ ಬಾ."

"ಆಗಲ್ಲಮ್ಮ, ಸೀಟು ಭರ್ತಿಯಾಯ್ತು. ಕಂಪನಿ ವಕೀಲರು ಕೂತಿದ್ದಾರೆ."

"ಅವನಿಗೆ ಇನ್ಶೂರೆನ್ಸ್ ಇಲ್ವಾ?"

"ಕಾರಿಡಾರಿನಲ್ಲೇ ತಮ್ಮ ಪಾಲಿಸಿ ಬಿಟ್ಟುಕೊಟ್ರು. ಸರ್ಕಾರದ್ದೂ ಬೇಡ ಅಂದ್ರು. ಅವರ ಆಸ್ಪತ್ರೆ ಖರ್ಚನ್ನೆಲ್ಲ ಇನ್ಮೇಲೆ ಕಂಪನಿ ಒಂದೇ ಕಟ್ಟುತ್ತಂತೆ. ಒಬ್ಬರೇ ಕಟ್ಟಿದ್ರೆ ಬಹಳ ಸಲೀಸು ಅಂತ ಹೇಳ್ತಿದ್ರು."

ನರ್ಸು ಅಂಗಿ ವಾಪಸ್ ಕೊಡಿ ಅಂತ ಕೈ ಚಾಚಿದಳು. ಎಲ್ಬರ್ಟ್ ಬಿಚ್ಚಿದ. ಕೋಣೆ ತಣ್ಣಗಿತ್ತು.

ಸೀನು ಬಂತು.